ಮೊಳಕಾಲ್ಮೂರಿನ ಶೇಂಗಾ ಹೊಲದಿಂದ ಆಂಡ್ರೊಮೆಡಾ

ಆಂಡ್ರೊಮೆಡಾ ಅನ್ನೋ ಗ್ಯಾಲಕ್ಸಿಯ, ಅಂದರೆ ದೂರದ ಒಂದು ನಕ್ಷತ್ರಲೋಕದ, ಫೋಟೋ ತೆಗೆಯೋಕೆ ಮೊದಲ ಸಲ ಹೋದಾಗ ಒಂದೂ ಸರಿ ಬರಲಿಲ್ಲ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್ ಹೋಗಿ, ಚಿತ್ರದುರ್ಗ ದಾಟಿ, ಒಂದು ಗುಡ್ಡದ ಬುಡದಲ್ಲಿ ಕ್ಯಾಮೆರಾ ಹೂಡಿದೆವು. ಕತ್ತಲೇನೋ ಇತ್ತು. ಆದರೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಬಿಟ್ಟೂ ಬಿಡದೆ ಮಿನುಗುತ್ತಿದ್ದವು. ಹೆದ್ದಾರಿ ಲಾರಿಗಳ ಬೆಳಕು ಬೇರೆ. ಇದೆಲ್ಲಕ್ಕಿಂತ ದೊಡ್ಡ ತಪ್ಪು ಏನಂದರೆ, ಆ ಗುಡ್ಡ ನಮಗೆ ಉತ್ತರಕ್ಕಿತ್ತು. ಧ್ರುವ ನಕ್ಷತ್ರ ಅದರ ಹಿಂದೆ ಅಡಗಿತ್ತು.

ನೀವಿರುವ ಊರಿನ ಅಕ್ಷಾಂಶ ಎಷ್ಟೋ, ಧ್ರುವ ನಕ್ಷತ್ರ ನೆಲದಂಚಿನಿಂದ ಹೆಚ್ಚುಕಮ್ಮಿ ಅಷ್ಟೇ ಡಿಗ್ರಿ ಮೇಲಿರುತ್ತದೆ. ಚಿತ್ರದುರ್ಗದಲ್ಲಿ ಅದು 14 ಡಿಗ್ರಿ ಚಿಲ್ಲರೆ. ಕೈ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಬರೀ ಒಂದೂವರೆ ಮುಷ್ಟಿ ಎತ್ತರ! ಒಂದು ಹುಣಸೆಮರ ಸಾಕು ಅದನ್ನು ಮುಚ್ಚೋಕೆ. ನಾವು ಯುರೋಪಿನವರ ವಿಡಿಯೋ ನೋಡಿ ಕಲಿತವರು. ಅಲ್ಲಿ ಧ್ರುವ ನಕ್ಷತ್ರ 50 ಡಿಗ್ರಿ ಮೇಲೆ ಆರಾಮಾಗಿ ಕಾಣುತ್ತೆ, ಅವರು ಈ ತಾಪತ್ರಯದ ಮಾತೇ ಎತ್ತಲ್ಲ. ಭೂಮಿ ತಿರುಗುವುದಕ್ಕೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್‌ನ ಅಕ್ಷ ಧ್ರುವದ ಕಡೆಗೇ ಮುಖ ಮಾಡಿರಬೇಕು. ಇಲ್ಲದಿದ್ದರೆ ಚುಕ್ಕಿಗಳೆಲ್ಲ ಗೆರೆ ಆಗುತ್ತವೆ. ಹಾಗಾಗಿ ಜಾಗವನ್ನು ಹಗಲಲ್ಲೇ ಹೋಗಿ ನೋಡಿ. ದಿಕ್ಸೂಚಿ ಹಿಡಿದು, ಉತ್ತರಕ್ಕೆ ಮರ, ಗುಡ್ಡ, ಲೈಟುಕಂಬ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಎರಡನೇ ಸಲ ಗೆಳೆಯನ ಸೋದರಮಾವನ ಹೊಲಕ್ಕೆ ಹೋದೆವು. ಮೊಳಕಾಲ್ಮೂರು ತಾಲ್ಲೂಕು. ಶೇಂಗಾ ಕಿತ್ತು ಮುಗಿದಿತ್ತು, ಬಯಲು ಬಯಲಾಗಿತ್ತು. ಗುರುತಿನವರ ಹೊಲ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಎತ್ತರ ಇದೆ ಅಂತ ಆಸೆಪಡಬೇಡಿ, ಅದು ಅರಣ್ಯ, ರಾತ್ರಿ ಹೋಗುವ ಜಾಗ ಅಲ್ಲ. ಚಳ್ಳಕೆರೆ ಕಡೆ ಕಾವಲು ಭೂಮಿ ಬೇಕಾದಷ್ಟಿದೆ ನಿಜ. ಆದರೆ ಅಲ್ಲಿ ಡಿಆರ್‌ಡಿಒ, ಇಸ್ರೋ, ಬಿಎಆರ್‌ಸಿಯಂಥ ರಕ್ಷಣೆ, ಬಾಹ್ಯಾಕಾಶ, ಅಣು ಸಂಶೋಧನೆಯ ಸರ್ಕಾರಿ ಸಂಸ್ಥೆಗಳ ಜಾಗ ಇವೆ. ಬೇಲಿ ಪಕ್ಕ ರಾತ್ರಿ ಹೊತ್ತು ಉದ್ದನೆ ಲೆನ್ಸ್ ಇಟ್ಟುಕೊಂಡು ಕೂತರೆ ಏನು ಉತ್ತರ ಕೊಡ್ತೀರಿ?

ದಿನ ಯಾವುದು ಅಂತ ಪಂಚಾಂಗ ನೋಡಿ ಆರಿಸಿಕೊಳ್ಳಿ. ದೀಪಾವಳಿ ಅಮಾವಾಸ್ಯೆ ಬೇಡ, ಊರೆಲ್ಲ ಪಟಾಕಿ ಹೊಗೆ. ಅದರ ಮುಂದಿನ ಅಮಾವಾಸ್ಯೆ ಒಳ್ಳೆಯದು. ಆಗ ಆಂಡ್ರೊಮೆಡಾ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರದಲ್ಲಿ 60 ಡಿಗ್ರಿಗಿಂತ ಮೇಲೆ ಬಂದಿರುತ್ತದೆ. ಏಳೂಕಾಲಿಗೆ ಶುರು ಮಾಡಿ ಹನ್ನೊಂದೂವರೆಗೆ ಮುಗಿಸಬಹುದು, ರಾತ್ರಿಯಿಡೀ ನಿದ್ದೆಗೆಡಬೇಕಿಲ್ಲ. ಬಳ್ಳಾರಿ ದಿಕ್ಕಿನಲ್ಲಿ ನೆಲದಂಚಿಗೆ ಮಬ್ಬು ಬೆಳಕು ಇದ್ದೇ ಇತ್ತು. ಆಂಡ್ರೊಮೆಡಾ ಅಷ್ಟು ಮೇಲಿದ್ದದ್ದಕ್ಕೆ ಆ ಬೆಳಕಿನ ಕಾಟ ತಟ್ಟಲಿಲ್ಲ.

ಹುಡುಕೋದು ಕಷ್ಟ ಅಲ್ಲ. ನೆತ್ತಿಯ ಹತ್ತಿರ ನಾಲ್ಕು ಚುಕ್ಕಿಗಳ ದೊಡ್ಡ ಚೌಕ ಕಾಣುತ್ತೆ. ಅದರ ಈಶಾನ್ಯ ಮೂಲೆಯ ಚುಕ್ಕಿ ಆಲ್ಫೆರಾಟ್ಸ್. ಪಂಚಾಂಗದ ಉತ್ತರಾಭಾದ್ರಾ ಅನ್ನೋದು ಈ ಚೌಕದ ಇದೇ ಮಗ್ಗುಲು. ಅಲ್ಲಿಂದ ಎರಡನೇ ಚುಕ್ಕಿ ಮಿರಾಕ್. ಮಿರಾಕ್‌ನಿಂದ ಉತ್ತರಕ್ಕೆ ತಿರುಗಿ, ಎರಡು ಸಣ್ಣ ಚುಕ್ಕಿ ದಾಟಿ. ಎರಡನೆಯದರ ಪಕ್ಕದಲ್ಲೇ ಒಂದು ಮಸುಕು ಕಲೆ. ಬರಿಗಣ್ಣಿಗೇ ಕಾಣಿಸಿತು. ಇರಾನಿನ ಖಗೋಳ ಪಂಡಿತ ಅಲ್ ಸೂಫಿ 964ರ ಸುಮಾರಿಗೆ ಇದನ್ನು ಸಣ್ಣ ಮೋಡ ಅಂತ ಬರೆದಿಟ್ಟಿದ್ದ. ಅದು ನಮ್ಮ ನಕ್ಷತ್ರಲೋಕದ ಹೊರಗಿನದು ಅಂತ ಗೊತ್ತಾಗೋಕೆ 1923ರಲ್ಲಿ ಖಗೋಳ ವಿಜ್ಞಾನಿ ಹಬಲ್ ಅದರೊಳಗೆ ಒಂದು ಮಿಡಿಯುವ ನಕ್ಷತ್ರವನ್ನು ಗುರುತಿಸಬೇಕಾಯಿತು.

ಮಾವನಿಗೂ ತೋರಿಸಿದೆವು. ಅಲ್ಲಿಂದ ಬೆಳಕು ಬರೋಕೆ 25 ಲಕ್ಷ ವರ್ಷ ಬೇಕು ಅಂದೆ. ಟವೆಲ್ ಕಿವಿಗೆ ಸುತ್ತಿಕೊಂಡು ಸುಮಾರು ಹೊತ್ತು ನೋಡಿದರು. ‘ಇಷ್ಟೇನಾ? ಇದನ್ನ ನೋಡಾಕೆ ದಾವಣಗೆರೆಯಿಂದ ಬಂದೀರಾ?’ ಅಂದರು.

ಅವರ ಅನುಮಾನದಲ್ಲಿ ತಪ್ಪಿಲ್ಲ, ಕಣ್ಣಿಗೆ ಕಾಣೋದು ನಡುವಿನ ಹೊಳಪು ಮಾತ್ರ. ಪೂರ್ತಿ ಅಗಲ ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಅದಕ್ಕೇ ಟೆಲಿಸ್ಕೋಪ್ ಬೇಕಾಗಿಲ್ಲ. ನನ್ನದು ಹಳೆಯ ಡಿಎಸ್‌ಎಲ್‌ಆರ್, ಸೆಕೆಂಡ್‌ಹ್ಯಾಂಡ್ 135 ಎಂಎಂ ಲೆನ್ಸ್. ಆಂಡ್ರೊಮೆಡಾ ಚೌಕಟ್ಟಿನ ಅಗಲದ ಮೂರನೇ ಒಂದು ಭಾಗ ತುಂಬುತ್ತದೆ, ಸುತ್ತಲೂ ಚುಕ್ಕಿಗಳಿಗೂ ಜಾಗ ಉಳಿಯುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಎಫ್ (ಲೆನ್ಸಿನ ಬಾಯಿ ತೆರೆದಿರುವ ಅಳತೆ) 2.8, ತಲಾ 60 ಸೆಕೆಂಡ್, ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಫೋಟೋ). ಟ್ರ್ಯಾಕರ್ ಇಲ್ಲದವರು ಇದೇ ಲೆನ್ಸ್‌ನಲ್ಲಿ 2 ಸೆಕೆಂಡ್ ದಾಟಬೇಡಿ. ಆಮೇಲೆ ಒಂದರ ಮೇಲೊಂದು ಪೇರಿಸೋಕೆ ಒಟ್ಟು ಒಂದು ಗಂಟೆ ಬೆಳಕು ಬೇಕಂದರೆ 1800 ಫೋಟೋ ಆಗುತ್ತೆ. ತಾಳ್ಮೆಯ ಕೆಲಸ, ಆದರೆ ಆಗುವ ಕೆಲಸ. ಫೋಕಸ್ ಮಾಡುವಾಗ ಲೆನ್ಸ್ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಒಂದು ಹೊಳೆಯುವ ಚುಕ್ಕಿಯನ್ನು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಷ್ಟಾಗುವವರೆಗೆ ತಿರುಗಿಸಿ, ರಿಂಗಿಗೆ ಟೇಪ್ ಅಂಟಿಸಿ.

ಹತ್ತು ಗಂಟೆಗೆ ಹೊಸ ತಲೆನೋವು. ಒಂದೊಂದೇ ಫೋಟೋ ಮಂಕಾಗುತ್ತಾ ಬಂತು. ಮೋಡ ಇರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಲೆನ್ಸ್ ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಇಬ್ಬನಿ ಹನಿಗಳು. ಒರೆಸಿದರೆ ಐದೇ ನಿಮಿಷಕ್ಕೆ ಮತ್ತೆ ಹಾಜರ್. ಲೆನ್ಸ್‌ಗೆ ಸುತ್ತುವ ಹೀಟರ್ ಪಟ್ಟಿ ಸಿಗುತ್ತೆ, ನಾವು ಒಯ್ದಿರಲಿಲ್ಲ. ಅತ್ತೆ ಹೊಲದ ಮನೆಯ ಒಲೆ ಮೇಲೆ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು. ‘ಮಂಡಿನೋವಿಗೆ ಕಾವು ಕೊಡೋದು ಇದರಲ್ಲೇ ಕಣಪ್ಪಾ’ ಅಂದರು. ಅದನ್ನು ಕಾಲುಚೀಲದೊಳಗೆ ಸುರಿದು, ತುಂಬಾ ಬಿಸಿ ಇಲ್ಲ ಅಂತ ಕೆನ್ನೆಗೆ ಒತ್ತಿ ನೋಡಿಕೊಂಡು, ಲೆನ್ಸ್ ಸುತ್ತ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆವು. ಇಬ್ಬನಿ ಮಾಯ! ಅರ್ಧ ಗಂಟೆಗೊಮ್ಮೆ ಬದಲಾಯಿಸಬೇಕು, ಆಗ ಲೆನ್ಸ್ ಅಲ್ಲಾಡದ ಹಾಗೆ ನೋಡಿಕೊಳ್ಳಬೇಕು. ಇಬ್ಬನಿ ಬಿದ್ದ ಮೇಲೆ ಅಲ್ಲ, ಎಂಟು ಗಂಟೆಗೇ ಕಟ್ಟಿಬಿಡಿ.

ಕೊನೆಗೆ ಲೆನ್ಸಿನ ಮುಚ್ಚಳ ಹಾಕಿ ಅದೇ 60 ಸೆಕೆಂಡಿನ ಇಪ್ಪತ್ತು ಕಪ್ಪು ಫೋಟೋ ತೆಗೆಯಿರಿ. ಸೆನ್ಸರ್ ತಾನೇ ಹುಟ್ಟಿಸುವ ಸುಳ್ಳು ಚುಕ್ಕಿಗಳನ್ನು ಕಳೆಯೋಕೆ ಅವು ಬೇಕು. ಉಳಿದದ್ದು ಮನೆಯಲ್ಲಿ. ಫೋಟೋ ಪೇರಿಸುವ ಸಾಫ್ಟ್‌ವೇರ್‌ಗಳು ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎರಡೂ ಪುಕ್ಕಟೆ ಸಿಗುತ್ತವೆ. ನನ್ನ 110 ಫೋಟೋಗಳಲ್ಲಿ ಇಬ್ಬನಿ ಕೂತವನ್ನು ಬಿಸಾಡಿದರೆ ಉಳಿದದ್ದು 74. ಅಷ್ಟನ್ನು ಒಂದರ ಮೇಲೊಂದು ಪೇರಿಸಿದಾಗ ಕಪ್ಪು ಧೂಳಿನ ಪಟ್ಟಿಗಳು ಎದ್ದು ಬಂದವು. ಪಕ್ಕದ ಎರಡು ಪುಟ್ಟ ಗ್ಯಾಲಕ್ಸಿಗಳೂ ಬಂದವು, ಎಂ32 ಮತ್ತು ಎಂ110. ಮಸುಕು ಭಾಗ ಕಾಣಲಿ ಅಂತ ಹೊಳಪನ್ನು ಹೆಚ್ಚಿಸುವಾಗ ಕೈ ಬಿಗಿ ಹಿಡಿಯಿರಿ. ನನ್ನ ಮೊದಲ ಪ್ರಯತ್ನದಲ್ಲಿ ನಡುಭಾಗ ಬೆಂದ ಮೊಟ್ಟೆಯ ಹಾಗೆ ಆಗಿತ್ತು.

ಎರಡು ಬ್ಯಾಟರಿ ಹೆಚ್ಚಿಗೆ ಇರಲಿ. ಕಾಲಿಗೆ ಬೂಟು ಇರಲೇಬೇಕು, ಬಣವೆ ಪಕ್ಕ ಹಾವು ಚೇಳು ಇರುತ್ತವೆ. ಸ್ವೆಟರ್ ಸಾಲಲ್ಲ, ಚಳ್ಳಕೆರೆ ಕಂಬಳಿ ಒಯ್ಯಿರಿ. ಮತ್ತೆ ರಾತ್ರಿಯೇ ವಾಪಸ್ ಹೊರಡಬೇಡಿ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್‌ಗಳು ರಸ್ತೆಯಲ್ಲಿ ಕಾಣೋದೇ ಇಲ್ಲ. ನಾವು ಹೊಲದ ಮನೆಯಲ್ಲೇ ಮಲಗಿ, ಬೆಳಿಗ್ಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದು ಎಂಟಕ್ಕೆ ಹೊರಟೆವು. ಟ್ರೈಪಾಡಿನ ಒಂದು ಕಾಲು ಅಲ್ಲೇ ಉಳಿದುಹೋಗಿತ್ತು, ಚಳ್ಳಕೆರೆಯಿಂದ ತಿರುಗಿ ಹೋಗಿ ತಂದೆವು.