ಪ್ರೊಸೆಸರ್: ‘ಕೆ’ ಇದ್ದದ್ದೋ, ಸಾದಾದ್ದೋ?

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ನನಗೆ ದಿನ ಬೆಳಗಾದರೆ ಎದುರಾಗುವ ಪ್ರಶ್ನೆ ಇದು: “ಸರ, ಕೆ ಇದ್ದದ್ದ ಹಾಕಸೋಣೋ, ಸಾದಾದ್ದ ಸಾಕೋ?” ಕಂಪ್ಯೂಟರಿನ ಮಿದುಳೆನಿಸಿದ ಚಿಪ್ ಪ್ರೊಸೆಸರ್, ಇಂಟೆಲ್ ಕಂಪನಿಯ ಕೆಲವು ಪ್ರೊಸೆಸರ್‌ಗಳ ಹೆಸರಿನ ಕೊನೆಗೆ ಬರುವ ‘ಕೆ’ ಅಕ್ಷರದ ಮಾತಿದು. ಮೊನ್ನೆ ಕೇಳಿದವರು ಗದಗಿನಲ್ಲಿ ಮುದ್ರಣಾಲಯ ನಡೆಸುವವರು, ಅವರಿಗೆ ಬೇಕಿದ್ದದ್ದು ಲಗ್ನಪತ್ರಿಕೆ, ಕ್ಯಾಲೆಂಡರ್‌ಗಳ ವಿನ್ಯಾಸಕ್ಕೆ ಕೋರೆಲ್ ಡ್ರಾ ತೆರೆದಿಟ್ಟುಕೊಂಡು ದಿನವಿಡೀ ದುಡಿಯುವ ಯಂತ್ರ.

ಪ್ರೊಸೆಸರಿನ ವೇಗವೆಂಬುದು ಒಂದು ಗುಣಾಕಾರದ ಲೆಕ್ಕ. 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು 49ರಿಂದ ಗುಣಿಸಿದರೆ 4.9 ಗಿಗಾಹರ್ಟ್ಸ್ ಆಗುತ್ತದೆ. ಇಂಟೆಲ್‌ನ ಸಾದಾ ಮಾದರಿಯಲ್ಲಿ ಈ ಗುಣಕವನ್ನು ಕಂಪನಿ ಗೊತ್ತುಪಡಿಸಿದ ಮಿತಿಯಾಚೆ ಏರಿಸಲು ಬರುವುದಿಲ್ಲ. ಹೆಸರಿನ ಕೊನೆಗೆ ‘ಕೆ’ ಇದ್ದರೆ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಏರಿಸಬಹುದು. ಬೀಗವಿರುವುದು ಇಷ್ಟಕ್ಕೇ. ಸಾದಾ ಮಾದರಿ ಒಂದೇ ವೇಗದಲ್ಲಿ ಓಡುತ್ತದೆಂದು ಬಹಳ ಜನ ತಿಳಿದಿದ್ದಾರೆ, ಆದರೆ 2.1 ಗಿಗಾಹರ್ಟ್ಸ್ ಮೂಲವೇಗದ ಐ7-12700 ಕೆಲಸದ ಭಾರ ಬಿದ್ದೊಡನೆ ತಾನಾಗಿಯೇ 4.9ರವರೆಗೆ ಏರುತ್ತದೆ. 12700ಕೆಯ ಗರಿಷ್ಠ ವೇಗ 5.0, ಕೋರ್‌ಗಳು, ಅಂದರೆ ಒಟ್ಟೊಟ್ಟಿಗೆ ಕೆಲಸ ಮಾಡುವ ಒಳಘಟಕಗಳು, ಎರಡರಲ್ಲೂ 12.

‘ಕೆ’ಯ ಖರ್ಚು ಪ್ರೊಸೆಸರಿಗೇ ಮುಗಿಯುವುದಿಲ್ಲ. ಗುಣಕ ಏರಿಸಬೇಕಾದರೆ ಝಡ್690ನಂಥ ಮದರ್‌ಬೋರ್ಡ್ ಬೇಕು, ಸಾದಾ 12700ರ ಡಬ್ಬಿಯಲ್ಲೇ ಬರುವ, ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಇಲ್ಲಿ ಇರುವುದಿಲ್ಲವಾದ್ದರಿಂದ ಅದನ್ನೂ ಬೇರೆ ಕೊಳ್ಳಬೇಕು, ಮತ್ತು 65 ವ್ಯಾಟ್‌ನ ಮೂಲ ಬಳಕೆ ಇಲ್ಲಿ 125 ವ್ಯಾಟ್ ಆಗಿರುತ್ತದೆ. ನನ್ನದೇ 12700ಕೆಯಲ್ಲಿ ಒಮ್ಮೆ ಗುಣಕವನ್ನು 52ಕ್ಕೆ ಒಯ್ದಿದ್ದೆ. ಆಟಗಳು ಓಡಿದವು, ದೊಡ್ಡದೊಂದು ವಿಡಿಯೊ ರೆಂಡರ್ ಮಾಡಲು ಹೊರಟಾಗ ಪರದೆ ನೀಲಿಯಾಗಿ ಕಂಪ್ಯೂಟರ್ ನಿಂತುಹೋಯಿತು. ವೋಲ್ಟೇಜ್ ಸ್ವಲ್ಪ ಹೆಚ್ಚಿಸಿದೆ. ಏಪ್ರಿಲ್ ತಿಂಗಳ ಆ ಮಧ್ಯಾಹ್ನ ಬಿಸಿ 100 ಡಿಗ್ರಿ ಮುಟ್ಟಿ, ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಂಡಿತು. ಏರಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಸಾದಾದ್ದೇ ಸಾಕೆಂಬ ಈ ಲೆಕ್ಕ ಎಲ್ಲ ಕಡೆಗೂ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. ಐ5-12600ರಲ್ಲಿ 6 ಕೋರ್‌ಗಳಿದ್ದರೆ 12600ಕೆಯಲ್ಲಿ 10 ಇವೆ. ಅಲ್ಲಿ ಗುಣಕವನ್ನು ಮುಟ್ಟದವರಿಗೂ ‘ಕೆ’ ಲಾಭದ್ದೇ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಮ್‌ಡಿಯ ಡೆಸ್ಕ್‌ಟಾಪ್ ರೈಜನ್ ಪ್ರೊಸೆಸರ್‌ಗಳಲ್ಲಂತೂ ಬಹುತೇಕ ಎಲ್ಲವೂ ಬೀಗವಿಲ್ಲದವು, ಆದ್ದರಿಂದ ಅಲ್ಲಿ ಈ ಪ್ರಶ್ನೆಯೇ ಅಪರೂಪ.

ಗದಗಿನವರಿಗೆ ಸಾದಾ 12700 ಹಾಕಿ, ಉಳಿದ ಹಣದಲ್ಲಿ 32 ಜಿಬಿ ರ‍್ಯಾಮ್ ಮತ್ತು ದೊಡ್ಡ ಎಸ್‌ಎಸ್‌ಡಿ ಕೂರಿಸಿಕೊಟ್ಟೆ. ಎಲ್ಲ ಕೇಳಿಸಿಕೊಂಡ ಮೇಲೂ ಅವರಿಗೊಂದು ಅನುಮಾನ ಉಳಿದಿತ್ತು: “ಸಂಜೀಕ ಮಗ ಇದರಾಗ ಗೇಮ್ ಆಡ್ತಾನಲ್ರೀ?” ಹಾಗಿದ್ದರೆ ಮುಂದಿನ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಡಿ ಎಂದೆ.