ದನ ಕಟ್ಟಿಕೊಂಡು ಊರು ಬಿಡುವುದು ಹೇಗೆ?

‘ಕೊಟ್ಟಿಗೆಯಲ್ಲಿ ಇಷ್ಟು ದನ ಕಟ್ಟಿಕೊಂಡು ನೀವು ಎಲ್ಲಿಗಾದರೂ ಹೋಗುವುದು ಹೇಗೆ?’ ಈ ಪ್ರಶ್ನೆಯನ್ನು ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ, ನಮ್ಮದೇ ಜಗಲಿಯಲ್ಲಿ ಕುಳಿತು ನಮ್ಮದೇ ಹಾಲಿನ ಚಹಾ ಕುಡಿಯುತ್ತಲೂ ಕೇಳುತ್ತಾರೆ. ಧ್ವನಿಯಲ್ಲಿ ಅರ್ಧ ಕನಿಕರ, ಇನ್ನರ್ಧ ‘ಮಾರಿಬಿಡಬಾರದೇ?’ ಎಂಬ ಬಿಟ್ಟಿ ಸಲಹೆ. ಚುಟುಕು ಉತ್ತರ ಸಾಕು ಎನ್ನುವವರಿಗೆ ಇಷ್ಟು: ಮಳೆಯನ್ನೂ ಕೊಟ್ಟಿಗೆಯನ್ನೂ ಪಕ್ಕದ ಮನೆಯವರನ್ನೂ ಕೇಳಿಕೊಂಡು ಹೋಗುತ್ತೇವೆ. ಸಮಾಧಾನವಾಗದವರು ಮುಂದೆ ಓದಿ.

ನಮ್ಮದು ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ ಕಡೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಈ ಸೀಮೆಗೂ ತಾಲ್ಲೂಕು ಕೇಂದ್ರಕ್ಕೂ ನಡುವೆ ನೀರು ನಿಂತಿತು. ಅಡಿಕೆ ತೋಟ, ಒಂದಿಷ್ಟು ಗದ್ದೆ, ಎರಡು ಜರ್ಸಿ ಮಿಶ್ರತಳಿ ಹಸು, ಮಲೆನಾಡು ಗಿಡ್ಡ ಎಂಬ ನಾಟಿ ತಳಿಯ ಮೂರು ಹಸು, ಕರುಗಳು, ಒಂದು ನಾಯಿ. ಮನೆಯಲ್ಲಿ ಅತ್ತೆ, ಯಜಮಾನರು ಮತ್ತು ನಾನು. ಮಗಳು ಶಿವಮೊಗ್ಗದಲ್ಲಿ ಓದುತ್ತಿದ್ದಾಳೆ.

ದಿನಕ್ಕೆ ಹತ್ತು ಬಾರಿ ಹುಲ್ಲು, ನೀರು, ಸಗಣಿ ಎಂದು ಓಡಾಡುವುದೇ ನಮ್ಮನ್ನು ಕಟ್ಟಿಹಾಕಿದೆ ಎಂದು ಕೇಳುವವರ ಭಾವನೆ. ಹುಲ್ಲು ಹಾಕುವವರು ಯಾರಾದರೂ ಸಿಗುತ್ತಾರೆ. ಹತ್ತು ವರ್ಷದ ಹುಡುಗನೂ ಹಾಕುತ್ತಾನೆ. ತೊಡಕು ಇರುವುದು ಹಾಲು ಕರೆಯುವಲ್ಲಿ. ಗಿಡ್ಡದ್ದು ಚಿಂತೆಯಿಲ್ಲ. ಹೊತ್ತಿಗೆ ಒಂದೆರಡು ಲೀಟರ್ ಕೊಡುವ ಹಸು ಅದು. ನಾವು ಊರಿಗೆ ಹೊರಟ ದಿನ ಕರುವನ್ನು ಬಿಟ್ಟರೆ ಅದೇ ಎಲ್ಲವನ್ನೂ ಕುಡಿದು ಮುಗಿಸುತ್ತದೆ. ಮಿಶ್ರತಳಿಯ ಕೆಚ್ಚಲು ಹಾಗೆ ಖಾಲಿಯಾಗುವುದಿಲ್ಲ. ಎರಡು ಹೊತ್ತು ಕರೆಯದೆ ಬಿಟ್ಟರೆ ಕೆಚ್ಚಲು ಕಲ್ಲಾಗುತ್ತದೆ, ಕೆಚ್ಚಲು ಬಾವು ಬಂದರೆ ಒಂದು ಮೊಲೆ ಕಾಯಂ ಆಗಿ ಹೋದರೂ ಹೋಯಿತು. ಹೊಸ ಕೈ ಮುಟ್ಟಿದರೆ ಹಸು ಹಾಲನ್ನು ಮೇಲಕ್ಕೆ ಏರಿಸಿಕೊಂಡು ನಿಲ್ಲುತ್ತದೆ. ಎಳೆದಷ್ಟೂ ಬರುವುದು ನಾಲ್ಕು ಹನಿ. ಹೆದರಿದ ಹಸುವಿನ ಮೈಯಲ್ಲಿ ಹಾಲು ಇಳಿಯದು ಎಂದು ಪಶುವೈದ್ಯರು ಹಾರ್ಮೋನಿನ ಹೆಸರು ಹೇಳಿ ವಿವರಿಸುತ್ತಾರೆ. ಅತ್ತೆ ‘ಅದಕ್ಕೆ ಗುರ್ತ ಹತ್ತಬೇಕು’ ಎನ್ನುತ್ತಾರೆ. ಇಬ್ಬರು ಹೇಳುವುದೂ ಒಂದೇ.

ಇನ್ನು ಮಳೆ. ಪಂಚಾಂಗದ ವರ್ಷ ಯುಗಾದಿಗೆ ಶುರುವಾದರೆ ಕೊಟ್ಟಿಗೆಯ ವರ್ಷ ಶುರುವಾಗುವುದು ಮೇ ಕೊನೆಯ ರೋಹಿಣಿ ಮಳೆಗೆ. ಅಷ್ಟರೊಳಗೆ ದರಕು, ಅಂದರೆ ಕಾಡಿನ ಒಣ ಎಲೆ, ಗೂಡು ಸೇರಿರಬೇಕು, ಸೌದೆ ಒಳಗೆ ಬಿದ್ದಿರಬೇಕು, ಒಣಹುಲ್ಲಿನ ಬಣವೆಗೆ ಹೊದಿಕೆ ಬಿಗಿದಿರಬೇಕು. ಜೊತೆಗೆ ಅಡಿಕೆಗೆ ಮೊದಲ ಔಷಧಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು. ಯಜಮಾನರು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಕಲೆ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ, ಇನ್ನೊಂದಿಷ್ಟು ಸುಣ್ಣದ ತಿಳಿ ಬೀಳುತ್ತದೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. 2009ರ ನಂತರ ಅಷ್ಟು ಬೇಗ ಬಂದದ್ದಿಲ್ಲ. ನಮ್ಮಲ್ಲಂತೂ ಔಷಧಿ ಹೊಡೆಯುವವರು ಮರ ಹತ್ತುವ ಮೊದಲೇ ಮಳೆ ಇಳಿಯಿತು. ಆ ವಾರ ಗೊತ್ತು ಮಾಡಿಕೊಂಡಿದ್ದ ಧಾರವಾಡದ ನಾದಿನಿಯ ಮನೆಯ ಪೂಜೆಗೆ ಅತ್ತೆಯೊಬ್ಬರೇ ಹೋದರು.

ಆರಿದ್ರಾದಿಂದ ಪುಷ್ಯದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲ ದಿನಗಳವರೆಗೆ, ನಮ್ಮನ್ನು ಯಾವ ಸಮಾರಂಭಕ್ಕೂ ಕರೆಯಬೇಡಿ. ಕರೆದರೂ ಬೇಸರ ಮಾಡಿಕೊಳ್ಳಬೇಡಿ. ಬೆಂಗಳೂರಿನವರು ಜೋಗ ನೋಡಲು ಹೊರಡುವ ತಿಂಗಳಲ್ಲಿ ನಾವು ಮನೆಯಂಗಳ ದಾಟುವುದಿಲ್ಲ. ದನ ಹೊರಗೆ ಬಿಡುವಂತಿಲ್ಲ. ಬಿಟ್ಟರೂ ಅರ್ಧ ಗಂಟೆಯಲ್ಲಿ ತಾವೇ ವಾಪಸು ಬಂದು ಬಾಗಿಲಲ್ಲಿ ನಿಲ್ಲುತ್ತವೆ, ಗೊರಸಿನ ಸಂದಿಯಲ್ಲಿ ಉಂಬಳ ಕಚ್ಚಿಸಿಕೊಂಡು. ದಿನಾ ಸೊಪ್ಪು ತಂದು ಹಾಸಬೇಕು, ಸಂಜೆ ನುಸಿಗೆ ಹೊಗೆ ಹಾಕಬೇಕು. ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಕೇಳುವ ಚಟವನ್ನು ಬಿಟ್ಟಿದ್ದೇವೆ.

ಹೋದ ಆಶ್ಲೇಷ ಮಳೆಯಲ್ಲಿ ಗಿಡ್ಡವೊಂದು ನಡುರಾತ್ರಿ ಕರು ಹಾಕಿತು. ಗಿಡ್ಡ ನಾವು ಹೇಳಿದ ತಿಂಗಳಿಗೆ ಗಬ್ಬವಾಗುವ ಜಾತಿಯಲ್ಲ. ಬೆಟ್ಟದಲ್ಲಿ ಮೇಯುವಾಗ ಯಾವ ಹೋರಿ ಸಿಕ್ಕಿತೋ, ದಿನ ಲೆಕ್ಕ ಹಾಕುವವರು ಯಾರು? ಕರುವಿನ ಮೂಗು ಬಾಯಿ ಒರೆಸಿ, ಗೋಣಿಚೀಲದಿಂದ ಮೈ ಉಜ್ಜಿ, ತಾಯಿ ನೆಕ್ಕುವಂತೆ ಅದರ ಮುಂದೆ ಇಟ್ಟೆವು. ಎದ್ದು ನಿಲ್ಲಲು ನಾಲ್ಕು ಸಲ ಮುಗ್ಗರಿಸಿದ ಕರು ಐದನೆಯ ಸಲ ನಿಂತದ್ದೇ ಮೊಲೆಯ ಬದಲು ತಾಯಿಯ ಮುಂಗಾಲಿನ ಸಂದಿಗೆ ಬಾಯಿ ಹಾಕಿತು. ಹಿಡಿದು ತಿರುಗಿಸಿ ಮೊಲೆಗೆ ಹಚ್ಚಬೇಕಾಯಿತು. ಮಾಸು, ಅಂದರೆ ಹೊಟ್ಟೆಯೊಳಗೆ ಕರುವನ್ನು ಸುತ್ತಿದ್ದ ಪೊರೆ, ಬೀಳುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಕಣ್ಣು ತಪ್ಪಿದರೆ ಹಸುವೇ ಅದನ್ನು ತಿನ್ನುತ್ತದೆ, ಬೀಳದಿದ್ದರೆ ಬೆಳಿಗ್ಗೆ ಡಾಕ್ಟರಿಗೆ ಫೋನು. ಅದು ಬಿದ್ದಾಗ ಕೋಳಿ ಕೂಗುತ್ತಿತ್ತು. ಇಂಥ ರಾತ್ರಿಗಳಿಗೆ ಮುಂಚಿತವಾಗಿ ಟಿಕೆಟ್ ತೆಗೆದಿಡಲು ಬರುವುದಿಲ್ಲ. ಗಿಣ್ಣು ಕಾಯಿಸಿ ನಾಲ್ಕು ಮನೆಗೆ ಹಂಚಿದೆವು, ಆ ನಾಲ್ಕು ಮನೆಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಿಶ್ರತಳಿಯದ್ದು ಹಾಗಲ್ಲ, ಅದರ ದಿನಚರಿಯನ್ನು ನಾವು ಬರೆಯಬಹುದು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆ ಇದೆಯಲ್ಲ, ಆ ಮಘೆಯಲ್ಲಿ, ಆಗಸ್ಟ್ ಉತ್ತರಾರ್ಧದಲ್ಲಿ, ಇಂಜೆಕ್ಷನ್ ಕಟ್ಟಿದರೆ ಸುಮಾರು 280 ದಿನಕ್ಕೆ, ಮೇ ಕೊನೆಗೆ ಕರು. ಕರು ಹಾಕುವ ಎರಡು ತಿಂಗಳು ಮೊದಲು ಹಾಲು ಬತ್ತಿಸಬೇಕು. ಅಂದರೆ ಮಾರ್ಚ್ ಕೊನೆಯಿಂದ ಆ ಹಸುವಿಗೂ ರಜೆ, ನಮಗೂ ರಜೆ. ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಕೆಂಪಡಿಕೆ ಮಂಡಿ ಸೇರಿ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ನಮ್ಮ ಮನೆಯ ಕಾಶಿ, ರಾಮೇಶ್ವರ, ಮೊಮ್ಮಕ್ಕಳ ಉಪನಯನ ಎಲ್ಲವೂ ಏಪ್ರಿಲ್‌ನಲ್ಲೇ ಏಕೆ ಬರುತ್ತವೆ ಎಂದು ಕೇಳುವವರಿಗೆ ಕಾರಣ ಹಿಂದಿನ ಆಗಸ್ಟಿನಲ್ಲಿದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಎರಡೂ ಹಸು ಒಟ್ಟಿಗೆ ಬತ್ತಿದ ವರ್ಷ ಮನೆಗೆ ಪ್ಯಾಕೆಟ್ ಹಾಲು ತರಬೇಕಾಗುತ್ತದೆ. ಅತ್ತೆ ಅದನ್ನು ಸೆರಗಿನಡಿ ಮುಚ್ಚಿಕೊಂಡೇ ಒಳಗೆ ತರುತ್ತಾರೆ.

ಚಳಿಗಾಲ ಹಿತ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಅದಕ್ಕೊಂದು ಹೆದರಿಕೆ ಅಂಟಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಇದು. 2018–19ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನರನ್ನು ಬಲಿ ತೆಗೆದುಕೊಂಡಿತು. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆಹುಳುವಿನಿಂದ. ಕೊಟ್ಟಿಗೆಗೆ ದರಕು ಗುಡಿಸಿ ತರಬೇಕಾದದ್ದೂ ಅದೇ ತಿಂಗಳುಗಳಲ್ಲಿ, ಕಾಡಿಗೆ ಹೋದ ದನ ಮೈತುಂಬ ಉಣುಗು ಹೊತ್ತು ತರುವುದೂ ಅದೇ ತಿಂಗಳುಗಳಲ್ಲಿ. ಕೈಕಾಲಿಗೆ ಎಣ್ಣೆ ಸವರಿಕೊಂಡು ಹೋಗುತ್ತೇವೆ, ಬಂದ ಕೂಡಲೇ ಬಿಸಿನೀರು ಹೊಯ್ದುಕೊಳ್ಳುತ್ತೇವೆ. ಸಂಕ್ರಾಂತಿಗೆ ‘ಕಾಡು ಸುತ್ತೋಣ’ ಎಂದು ಬರುವ ನೆಂಟರನ್ನು ಹಿನ್ನೀರಿನ ದಡಕ್ಕೆ ಕರೆದೊಯ್ದು ಕೂರಿಸುವುದು ಇದಕ್ಕಾಗಿ. ಸೋಮಾರಿತನ ಎಂದುಕೊಂಡವರೂ ಇದ್ದಾರೆ.

ಸೇತುವೆಯ ವಿಷಯ ಹೇಳದಿದ್ದರೆ ಊರಿನವರು ಬಿಡುವುದಿಲ್ಲ. ಮೊನ್ನೆಮೊನ್ನೆಯವರೆಗೆ ನಮ್ಮ ತಿರುಗಾಟಕ್ಕೆಲ್ಲ ಹೊಳೆಬಾಗಿಲಿನ ಲಾಂಚ್ ಯಜಮಾನ. ಬಸ್ಸು, ಕಾರು, ಬೈಕು, ಜನ ಎಲ್ಲವನ್ನೂ ಹೇರಿಕೊಂಡು ದಾಟಿಸುವ ಆ ಹಡಗು ಸಂಜೆಯಾದ ಮೇಲೆ ನಿಂತರೆ ಮುಗಿಯಿತು, ಮತ್ತೆ ಬೆಳಗಾಗಬೇಕು. ಇಲ್ಲವೇ ನಿಟ್ಟೂರು, ಹೊಸನಗರ ಸುತ್ತಿ ಹೋಗಬೇಕು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದೂ ಉಂಟು. ತಾಳಗುಪ್ಪದ ರಾತ್ರಿ ರೈಲು ಹಿಡಿಯಬೇಕಾದರೆ ಕೊನೆಯ ಲಾಂಚಿಗೆ ಮೊದಲೇ ಹಾಲು ಕರೆಯಬೇಕಿತ್ತು. ಅವೇಳೆಯಲ್ಲಿ ಚೆಂಬು ಹಿಡಿದು ಹೋದರೆ ಹಸು ತಿರುಗಿ ನೋಡುತ್ತಿತ್ತೇ ಹೊರತು ಹಾಲು ಇಳಿಸುತ್ತಿರಲಿಲ್ಲ.

2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಸೇತುವೆ ತೆರೆಯಿತು. ಈಗ ಸಂಜೆಯ ಹಾಲು ಕರೆದು, ಡೈರಿಗೆ ಹಾಕಿ, ಕೈತೊಳೆದು ಹೊರಟರೂ ರೈಲು ಸಿಗುತ್ತದೆ. ಬೆಳಗಿನ ಹಾಲು ಮುಗಿಸಿ ಸಾಗರದ ಆಸ್ಪತ್ರೆ, ಬ್ಯಾಂಕು, ಬಟ್ಟೆ ಅಂಗಡಿ ಎಲ್ಲವನ್ನೂ ಒಂದೇ ಹಗಲಿನಲ್ಲಿ ಮುಗಿಸಿ ಬರುತ್ತೇವೆ, ತಡವಾದರೂ ಎದೆ ಹೊಡೆದುಕೊಳ್ಳುವುದಿಲ್ಲ. ರಾತ್ರಿ ಹಸುವಿಗೆ ಹೊಟ್ಟೆಯುಬ್ಬರವಾದರೆ ಡಾಕ್ಟರು ಬರಬಲ್ಲರು. ಇಷ್ಟೆಲ್ಲ ಸರಿ. ಆದರೆ ಒಂದು ರಾತ್ರಿ ಹೊರಗೆ ಉಳಿಯಬೇಕಾದರೆ ಸೇತುವೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸೇತುವೆಗೆ ಹಾಲು ಕರೆಯಲು ಬರುವುದಿಲ್ಲ.

ಇಲ್ಲಿಗೆ ಆ ನಾಲ್ಕು ಮನೆಗಳು ಬಂದವು. ತೋಟದ ಕೆಲಸಕ್ಕೆ ಮುಯ್ಯಾಳು ಇರುವಂತೆ ಕೊಟ್ಟಿಗೆಗೂ ಇದೆ: ನಾವಿಲ್ಲದಾಗ ನೀವು, ನೀವಿಲ್ಲದಾಗ ನಾವು. ದುಡ್ಡಿನ ಮಾತಿಲ್ಲ. ಆ ದಿನಗಳ ಹಾಲು ಕರೆದವರದ್ದು, ಅಷ್ಟೇ ಲೆಕ್ಕ. ನಾವು ಹೊರಡುವ ಎರಡು ದಿನ ಮೊದಲಿಂದಲೇ ಪಕ್ಕದ ಮನೆಯ ಅತ್ತಿಗೆ ನನ್ನ ಜೊತೆ ಕೊಟ್ಟಿಗೆಗೆ ಬರುತ್ತಾರೆ. ಮೊದಲ ಹೊತ್ತು ಸುಮ್ಮನೆ ನಿಂತು ಹಸುವಿನ ಗಂಗೆದೊಗಲು ತುರಿಸುತ್ತಾರೆ. ಮರುಹೊತ್ತಿಗೆ ನಾನು ಕೊಡದ ಒಂದು ಹಿಡಿ ಹೆಚ್ಚಿನ ಹಿಂಡಿಯನ್ನು ಅವರು ಕೊಡುತ್ತಾರೆ. ಲಂಚವೇ, ಬೇರೆ ಹೆಸರಿಡುವುದು ಬೇಡ. ಹೊರಟ ದಿನ ನಾನು ಕೊಟ್ಟಿಗೆಗೆ ಉಡುವ ಹಳೆಯ ಸೀರೆಯನ್ನು ತೊಳೆಯದೆ ಗಳುವಿನ ಮೇಲೆ ಬಿಟ್ಟು ಹೋಗುತ್ತೇನೆ. ಅತ್ತಿಗೆ ಅದನ್ನು ಸುತ್ತಿಕೊಂಡು ಕರೆಯಲು ಕೂರುತ್ತಾರೆ. ವಾಸನೆಗೆ ಮೋಸಹೋಗಿಯೋ, ಮೋಸ ಎಂದು ಗೊತ್ತಿದ್ದೂ ಹಿಂಡಿಯ ಆಸೆಗೋ, ಹಸು ಹಾಲು ಬಿಡುತ್ತದೆ. ಒಂದು ಸಲ ಫೋನ್ ಮಾಡಿ ‘ನಿನಗಿಂತ ಕಾಲು ಲೀಟರ್ ಜಾಸ್ತಿ ಕೊಟ್ಟಿದೆ ಮಾರಾಯ್ತಿ’ ಎಂದರು. ನನಗೆ ಆ ಪ್ರವಾಸವಿಡೀ ಹೊಟ್ಟೆಯುರಿ.

ಯಜಮಾನರ ಪ್ರವಾಸ ಬೇರೆ ಬಗೆಯದು. ಸೆಪ್ಟೆಂಬರಿನಲ್ಲಿ ಧಾರವಾಡದ ಕೃಷಿ ಮೇಳ, ನವೆಂಬರಿನಲ್ಲಿ ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳ. ಊರಿನ ಗಂಡಸರೆಲ್ಲ ವ್ಯಾನು ಮಾಡಿಕೊಂಡು ಹೋಗುತ್ತಾರೆ. ಮನೆಯ ದನ ಬಿಟ್ಟು ಅಷ್ಟು ದೂರ ಹೋಗಿ ಫೋಟೋ ತೆಗೆದುಕೊಂಡು ಬರುವುದು ಬೇರೆಯವರ ದನದ್ದು. ದೀಪಾವಳಿಗೆ ಮಾತ್ರ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಕೊಂಬಿಗೆ ಕೆಮ್ಮಣ್ಣು, ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ. ನಮ್ಮಲ್ಲಿ ದೊಡ್ಡಹಬ್ಬ ಎಂದೇ ಅದರ ಹೆಸರು, ಹಬ್ಬ ದನದ್ದು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಗೆ ಸರದಿ ಹಾಕಿಕೊಂಡು ಹೋಗಿಬರುತ್ತೇವೆ.

ಹೀಗಿದ್ದೂ ನಮ್ಮ ಸುತ್ತಿನಲ್ಲಿ ದನ ಮಾರಿದ ಮನೆಗಳು ವರ್ಷ ವರ್ಷ ಹೆಚ್ಚುತ್ತಿವೆ. ಹಿಂಡಿಯ ಬೆಲೆ, ಹುಲ್ಲಿನ ಬೆಲೆ ಎಂದು ಕಾರಣ ಕೊಡುತ್ತಾರೆ. ಸುಳ್ಳಲ್ಲ, ಆದರೆ ಕೊನೆಯ ಹಸುವನ್ನು ಹೊರಗೆ ಅಟ್ಟಿದ್ದು ಬೆಲೆ ಎಂದು ನನಗೆ ಅನಿಸುವುದಿಲ್ಲ. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರು ಮುದುಕರು. ಒಬ್ಬರಿಗೆ ಆಪರೇಷನ್ ಆಗಿ ಹತ್ತು ದಿನ ಹೋಗಬೇಕಾದಾಗ ‘ಹಾಲು ಕರೆಯಲು ಬನ್ನಿ’ ಎಂದು ಕೂಗಲು ಪಕ್ಕದ ಮನೆಯಲ್ಲೂ ಯಾರೂ ಇಲ್ಲ, ಇದ್ದವರಿಗೆ ಕರೆಯಲು ಬಾರದು. ಒಂದು ಮನೆಯಲ್ಲಿ ದನ ಹೋದರೆ ಪಕ್ಕದ ಮನೆಯ ಮುಯ್ಯಿಯೂ ಅರ್ಧ ಹೋದಂತೆ, ಏಕೆಂದರೆ ದನವಿಲ್ಲದವರ ಋಣವನ್ನು ತೀರಿಸುವುದು ಹೇಗೆಂದು ಯಾರಿಗೂ ತಿಳಿಯದು. ಗಿಣ್ಣು ಹಂಚಿದ ನಾಲ್ಕು ಮನೆಗಳಲ್ಲಿ ಈಗ ಹಾಲು ಕರೆಯುವ ಹಸು ಇರುವುದು ಎರಡರಲ್ಲಿ. ಆದ್ದರಿಂದ ನಮ್ಮನ್ನು ಕನಿಕರದಿಂದ ನೋಡುವವರಿಗೆ ನನ್ನದೊಂದು ಬೇಡಿಕೆ. ರಜೆಗೆ ಬಂದಾಗ ನಿಮ್ಮ ಮಕ್ಕಳನ್ನು ಕೊಟ್ಟಿಗೆಗೆ ಫೋಟೋಕ್ಕೆ ಮಾತ್ರ ಕಳಿಸಬೇಡಿ, ಚೆಂಬು ಕೊಟ್ಟು ಕೂರಿಸಿ. ಗಿಡ್ಡ ಸಾಧು, ಒದ್ದರೂ ಹೆಚ್ಚು ಪೆಟ್ಟಾಗದು.

ಬರುವ ಏಪ್ರಿಲ್‌ನಲ್ಲಿ ಅತ್ತೆಯನ್ನು ಕಾಶಿಗೆ ಕರೆದೊಯ್ಯುವ ಯೋಚನೆ ಇದೆ. ಒಂದು ಹಸು ಬತ್ತಿರುತ್ತದೆ, ಇನ್ನೊಂದು ಹಾಲಿನಲ್ಲಿರುತ್ತದೆ. ಪಕ್ಕದ ಮನೆಯ ಅತ್ತಿಗೆಗೆ ಆಗಲೇ ಮಗಳ ಬಾಣಂತನ. ಹಾಲು ಕರೆಯಲು ಬರುವವರು ಯಾರಾದರೂ ಇದ್ದರೆ ತಿಳಿಸಿ. ಊಟ, ವಸತಿ, ಹಳೆಯ ಸೀರೆ ಎಲ್ಲವೂ ನಮ್ಮದೇ.