ಮಗು ಹುಟ್ಟಾಯ್ತು, ಕಸ ತಾನಾಗೇ ಬೀಳಲ್ವಾ?

ಹೆರಿಗೆ ವಾರ್ಡಿನ ಹೊರಗೆ ಕಾಯುವವರು ತಪ್ಪದೆ ಕೇಳುವ ಪ್ರಶ್ನೆ ಇದು. ಮಗು ಅತ್ತಿದ್ದು ಕೇಳಿಸಿತು, ಇನ್ನೂ ಒಳಗೆ ಏನು ಮಾಡುತ್ತಿದ್ದಾರೆ, ತಾಯಿಗೆ ಇಂಜೆಕ್ಷನ್ ಯಾಕೆ?

ಬೀಳುತ್ತದೆ, ಬಹಳಷ್ಟು ಸಲ ತಾನಾಗೇ ಬೀಳುತ್ತದೆ. ನಮ್ಮ ಭಯವೆಲ್ಲ ಈ ಕಸ, ಅಂದರೆ ಮಾಸು (ಪ್ಲಾಸೆಂಟಾ), ಗರ್ಭಕೋಶಕ್ಕೆ ಅಂಟಿಕೊಂಡಿದ್ದ ಜಾಗದ್ದು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿದಾಗ ಆ ನಾಳಗಳ ಬಾಯಿ ತೆರೆದೇ ಇರುತ್ತದೆ; ಸುತ್ತ ಹೆಣೆದುಕೊಂಡ ಸ್ನಾಯು ಬಿಗಿದುಕೊಂಡರಷ್ಟೇ ಮುಚ್ಚುತ್ತದೆ. ಹೊಟ್ಟೆ ಮುಟ್ಟಿದಾಗ ಗರ್ಭಕೋಶ ಗಟ್ಟಿ ಚೆಂಡಿನಂತೆ ಸಿಕ್ಕರೆ ನೆಮ್ಮದಿ. ನಾದಿದ ಹಿಟ್ಟಿನಂತೆ ಮೆತ್ತಗಿದ್ದರೆ ಕೂಡಲೇ ತಿಕ್ಕಬೇಕು.

ಮಗು ಹುಟ್ಟಿದ ಒಂದು ನಿಮಿಷದೊಳಗೆ ತೊಡೆಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಈ ಬಿಗಿತಕ್ಕೇ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್‌ನ ಹೊರಗೆ ದಿನಗಟ್ಟಲೆ ಬಿಸಿಯಲ್ಲಿದ್ದ ಮದ್ದಿನ ಬಲ ಕುಂದುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ.

ಫ್ರಿಜ್ ಇಲ್ಲದ ಕಡೆ ಏನು ಗತಿ? ಇದಕ್ಕೊಂದು ಉತ್ತರ ಬಂದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ. ಎಎನ್‌ಎಂ ಸಿಸ್ಟರ್‌ಗಳು ಮಾಡಿಸಿದ 1,620 ಹೆರಿಗೆಗಳಲ್ಲಿ ಅರ್ಧದಷ್ಟು ತಾಯಂದಿರಿಗೆ ಗರ್ಭಕೋಶವನ್ನು ಬಿಗಿಸುವ, ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ 600 ಮೈಕ್ರೋಗ್ರಾಂ, ಉಳಿದವರಿಗೆ ಮದ್ದಿಲ್ಲದ ಮಾತ್ರೆ ಕೊಡಲಾಯಿತು. ಅರ್ಧ ಲೀಟರ್ ಮುಟ್ಟುವ ಅಥವಾ ಮೀರುವ ರಕ್ತಸ್ರಾವ ಮದ್ದಿಲ್ಲದವರಲ್ಲಿ ನೂರಕ್ಕೆ 12, ಮಾತ್ರೆ ನುಂಗಿದವರಲ್ಲಿ 6.4. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಾತ್ರೆಯಿಂದ ಚಳಿ-ನಡುಕ ಬರುವುದುಂಟು. ಮೊದಲೇ ಹೇಳಿಟ್ಟರೆ ಮನೆಯವರು ಹೆದರುವುದಿಲ್ಲ.

ಅದೇ ಬೆಳಗಾವಿಯಲ್ಲಿ ಇನ್ನೊಂದು ಸರಳ ವಸ್ತು ಬಳಕೆಗೆ ಬಂತು: ತಾಯಿಯ ಅಡಿಗೆ ಹಾಸುವ, ಅಳತೆಗೆರೆಗಳಿರುವ ಪ್ಲಾಸ್ಟಿಕ್ ಚೀಲ. ಕಣ್ಣಂದಾಜು ಇದರ ಅಳತೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಎಂದು ಅಲ್ಲಿ ಕಂಡುಬಂತು. ಬಟ್ಟೆ ಹೀರಿದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ! ಇಂಥದೇ ಚೀಲದಲ್ಲಿ ಅಳೆದು, ರಕ್ತಸ್ರಾವ ಕಂಡಕೂಡಲೇ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಶುರುಮಾಡುವ ಕ್ರಮವನ್ನು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದರು. 2023ರ ಆ ವರದಿಯಂತೆ ತೀವ್ರ ರಕ್ತಸ್ರಾವದಂಥ ಅಪಾಯಗಳು ನೂರಕ್ಕೆ 60ರಷ್ಟು ತಗ್ಗಿದವು.

ಇನ್ನು ಮಾಸು. ಸುಮಾರು ಅರ್ಧ ಕೆಜಿ ತೂಗುವ ಅದನ್ನು ಎಸೆಯುವ ಮುಂಚೆ ತಾಯಿಯ ಕಡೆಯ ಮುಖವನ್ನು ಮೇಲೆ ಮಾಡಿ, ಗಡ್ಡೆಗಟ್ಟಿದ ರಕ್ತ ಒರೆಸಿ, 15–20 ಉಬ್ಬುಗಳು ಬಿಟ್ಟುಹೋಗದೆ ಕೂಡಿಕೊಳ್ಳುತ್ತವೆಯೇ ನೋಡಬೇಕು. ಆಮೇಲೆ ಪೊರೆ. ರಕ್ತನಾಳವೊಂದು ಅಂಚು ದಾಟಿ ಪೊರೆಯೊಳಗೆ ಹೋಗಿ ಹರಿದು ನಿಂತಿದ್ದರೆ, ಪುಟ್ಟ ತುಂಡೊಂದು ಗರ್ಭಕೋಶದಲ್ಲೇ ಉಳಿದಿರಬಹುದು. ಈ ಎರಡು ನಿಮಿಷದ ಕೆಲಸವನ್ನೇ ಅವಸರದಲ್ಲಿ ಬಿಡುವುದು.

ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ ಹೊಕ್ಕುಳಬಳ್ಳಿ ಹಿಡಿದು ಎಳೆದಾಡಬಾರದು. ಬಳ್ಳಿ ಕಿತ್ತುಬರಬಹುದು, ಗರ್ಭಕೋಶವೇ ಒಳಹೊರಗಾಗಿ ಹೊರಬರಲೂಬಹುದು. ಅರಿವಳಿಕೆ ಕೊಟ್ಟು ಕೈಯಿಂದ ತೆಗೆಯುವ ವ್ಯವಸ್ಥೆ ಇರುವಲ್ಲಿಗೆ ಒಯ್ಯಬೇಕು. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ ಮಾಸು ಆ ಗಾಯದ ಗುರುತಿಗೇ ಬೇರು ಬಿಟ್ಟಿರಬಹುದು. ಅದನ್ನು ಬಸಿರಿನಲ್ಲೇ ಸ್ಕ್ಯಾನ್‌ನಲ್ಲಿ ಹುಡುಕಬೇಕು.

ಮನೆಗೆ ಬಂದ ಮೇಲೆ ಸ್ರಾವ ದಿನದಿಂದ ದಿನಕ್ಕೆ ಕಡಿಮೆಯಾಗಿ ಬಣ್ಣ ತಿಳಿಯಾಗಬೇಕು. ನಿಂತಿದ್ದ ಕೆಂಪು ಎರಡನೇ ವಾರ ಮತ್ತೆ ಜೋರಾದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ಕೆಟ್ಟ ವಾಸನೆ ಅಥವಾ ಜ್ವರ ಬಂದರೆ ಕಷಾಯ ಕುಡಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಮಾಸು ಪೂರ್ತಿ ಬಂದಿತ್ತೇ ಎಂದು ವೈದ್ಯರು ಮೊದಲು ನೋಡುವುದು ಅದರಲ್ಲೇ.